1961ರ ಬೀಸುವ ಪದಗಳ ಪುಸ್ತಕ: ಮರುಮುದ್ರಣಕ್ಕೆ ಯಾರ ಅನುಮತಿ ಕೇಳಬೇಕು?

ಬೀಸುಕಲ್ಲು:

ಎಲ್ಲರಿಗೂ ನಮಸ್ಕಾರ. ಒಂದು ಹಳೇ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಬೇಕು ಅಂತ ಆಸೆ. ದಾರಿ ಗೊತ್ತಿರುವವರು ದಯವಿಟ್ಟು ಹೇಳಿ.

ಗದಗ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳ ಸಂಗ್ರಹ ಅದು. ಕೂಡಿಸಿದವರು ಒಬ್ಬ ಕನ್ನಡ ಶಾಲೆ ಮಾಸ್ತರು. 1961ರಲ್ಲಿ ಬಂದದ್ದು, ಬೆಲೆ ರೂ. 1-50 ನ. ಪೈ. (ನಯೇ ಪೈಸೆ). ನಮ್ಮ ಸೋದರತ್ತೆ ಮನೆಯ ಅಟ್ಟದ ಮೇಲೆ ಒಂದು ಟ್ರಂಕಿನಲ್ಲಿ ಇತ್ತು. ಬೆನ್ನು ಕಿತ್ತಿದೆ, ಹಾಳೆ ಮಡಚಿದರೆ ಮುರಿಯುತ್ತದೆ. ನಾನು ಕೇಳಿದ ಯಾವ ಅಂಗಡಿಯಲ್ಲೂ ಇನ್ನೊಂದು ಪ್ರತಿ ಇಲ್ಲ.

ಈ ಪುಸ್ತಕ ಯಾಕೆ ಬೇಕು ಅಂದರೆ, ಮಾಸ್ತರು ಬರೀ ಹಾಡು ಬರೆದುಕೊಂಡಿಲ್ಲ. ಪ್ರತಿ ಹಾಡಿನ ಕೆಳಗೆ ಯಾವ ಊರು, ಯಾವ ಹೊತ್ತಿನಲ್ಲಿ ಹಾಡಿದ್ದು, ಆ ಊರಲ್ಲಿ ಒಂದು ಮಾತಿಗೆ ಏನು ಅರ್ಥ, ಎಲ್ಲ ಇದೆ. ಕೊನೆಗೆ ಎರಡು ಪುಟ ಹಾಡಿದ ಹೆಂಗಸರ ಪಟ್ಟಿ. ಕೆಲವರಿಗೆ ಹೆಸರೂ ಇಲ್ಲ, 'ಗೌಡರ ಮನೆ ಹಿರಿಸೊಸೆ' ಅಂತಷ್ಟೇ. ಆ ಕಾಲದಲ್ಲಿ ಹಾಡಿದವರ ಲೆಕ್ಕ ಇಟ್ಟವರು ಎಷ್ಟು ಜನ ಹೇಳಿ. ಇದು ಕಳೆದುಹೋಗಬಾರದು.

'ಎಲ್ಲ ಹಕ್ಕುಗಳನ್ನು ಕಾದಿರಿಸಿದೆ' ಅಂತ ಒಳಪುಟದಲ್ಲಿ ಹಾಕಿದ್ದಾರೆ. ಯಾರಿಗೆ ಅಂತ ಇಲ್ಲ. ಪ್ರಕಟಿಸಿದ ಪುಸ್ತಕದಂಗಡಿ ಮುಚ್ಚಿ ಎಷ್ಟೋ ಕಾಲ ಆಗಿದೆ, ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಮಾಸ್ತರು ಈಗ ಇರುವ ಸಾಧ್ಯತೆ ಇಲ್ಲ. ನಾನು ಯಾರನ್ನು ಕೇಳಬೇಕು? ಹಾಡುಗಳು ಜನಪದ ಅಲ್ವಾ, ಕೇಳಲೇಬೇಕಾ? ಪುಸ್ತಕದ ಹೆಸರು ಸದ್ಯಕ್ಕೆ ಹಾಕುವುದಿಲ್ಲ. ಮನೆಯವರು ಇದ್ದರೆ ಅವರಿಗೆ ಮೊದಲು ನನ್ನಿಂದಲೇ ತಿಳಿಯಲಿ.

ಹೊಳೆದಂಡೆ:

ಒಳ್ಳೇ ಕೆಲಸ. ನನಗೆ ತಿಳಿದ ಮಟ್ಟಿಗೆ 60 ವರ್ಷ ಆದರೆ ಕಾಪಿರೈಟ್ ಮುಗೀತದೆ. 1961ಕ್ಕೆ 60 ಕೂಡಿಸಿ, 2021. ಯಾರನ್ನೂ ಕೇಳಬೇಕಿಲ್ಲ ಅನಿಸುತ್ತದೆ. ಧೈರ್ಯವಾಗಿ ಮಾಡಿ.

ಕರಿಕೋಟು:

ಹೊಳೆದಂಡೆ ಅವರೇ, ಲೆಕ್ಕ ಹಾಗಿಲ್ಲ. ಈ ತಪ್ಪು ತಿಳಿವಳಿಕೆ ತುಂಬ ಜನರಲ್ಲಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

60 ವರ್ಷ ನಿಜ. ಆದರೆ ಎಣಿಸುವುದು ಪುಸ್ತಕ ಬಂದ ವರ್ಷದಿಂದ ಅಲ್ಲ, ಬರೆದವರು ತೀರಿಕೊಂಡ ವರ್ಷದಿಂದ. 1957ರ ಕಾಪಿರೈಟ್ ಕಾಯ್ದೆಯ 22ನೇ ಕಲಂ ನೋಡಿ. ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ 60 ವರ್ಷ. ಮೊದಲು 50 ಇತ್ತು. ರವೀಂದ್ರನಾಥ ಟ್ಯಾಗೋರರು 1941ರಲ್ಲಿ ಹೋದವರು, 1991ರ ಕೊನೆಗೆ ಅವರ ಕೃತಿಗಳ ಹಕ್ಕು ಮುಗಿಯುವುದರಲ್ಲಿತ್ತು. ಆ ಹೊತ್ತಿಗೆ ಕಾಯ್ದೆ ತಿದ್ದಿ 60 ಮಾಡಿದರು.

ನಮ್ಮವರನ್ನೇ ತಗೊಳ್ಳಿ. ಗೋವಿಂದ ಪೈಗಳು, ತ್ರಿವೇಣಿ ಇಬ್ಬರೂ ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದದ್ದೆಲ್ಲ 2024ರ ಜನವರಿ 1ಕ್ಕೆ ಮುಕ್ತವಾಯಿತು. ಆಲೂರು ವೆಂಕಟರಾಯರು 1964, ಹಾಗಾಗಿ 2025. ಡಿವಿಜಿ 1975ರಲ್ಲಿ ಹೋದರು, ಅವರ ಪುಸ್ತಕಗಳಿಗೆ 2036 ಬರಬೇಕು. ಮಾಸ್ತಿಯವರದಕ್ಕೆ 2047. ಇವರಲ್ಲಿ ಇಬ್ಬರ ಪುಸ್ತಕ ಒಂದೇ ವರ್ಷ ಅಚ್ಚಾಗಿದ್ದರೂ ಒಂದು ಇವತ್ತು ಎಲ್ಲರದು, ಇನ್ನೊಂದು ಅಲ್ಲ.

ಆದ್ದರಿಂದ ಬೀಸುಕಲ್ಲು ಅವರೇ, ನಿಮ್ಮ ಮೊದಲ ಕೆಲಸ ಅನುಮತಿ ಕೇಳುವುದಲ್ಲ. ಮಾಸ್ತರು ಯಾವ ವರ್ಷ ತೀರಿಕೊಂಡರು ಅಂತ ಪತ್ತೆ ಮಾಡುವುದು. ಪುಸ್ತಕ ಬಂದು ಒಂದೆರಡು ವರ್ಷದಲ್ಲೇ ಹೋಗಿದ್ದರೆ ಕಾನೂನಿನ ತೊಡಕೇ ಇಲ್ಲ. 1980ರಲ್ಲಿ ಹೋಗಿದ್ದರೆ 2040ರ ಕೊನೆವರೆಗೆ ಹಕ್ಕು ಮನೆಯವರದು.

ಹಾಡು ಜನಪದ ನಿಜ. ಆ ತ್ರಿಪದಿಗಳಿಗೆ ಮಾಸ್ತರು ಒಡೆಯರಲ್ಲ. ನೀವೇ ಹಳ್ಳಿಗೆ ಹೋಗಿ ಅದೇ ಹಾಡು ಬರೆದುಕೊಂಡು ಬಂದರೆ ಯಾರೂ ಏನೂ ಅನ್ನುವಂತಿಲ್ಲ. ಆದರೆ ಯಾವ ಹಾಡು ಆರಿಸಬೇಕು, ಯಾವ ಕ್ರಮದಲ್ಲಿ ಇಡಬೇಕು ಅಂತ ತೀರ್ಮಾನಿಸಿದ್ದು ಅವರು. ಕೆಳಗಿನ ಟಿಪ್ಪಣಿ, ಅರಿಕೆ ಬರೆದದ್ದು ಅವರು. ಅದು ಅವರ ಸ್ವತ್ತು. ನಿಮಗೆ ಬೇಕಾಗಿರುವುದೂ ಅದೇ.

ಹೊಳೆದಂಡೆ:

ಥ್ಯಾಂಕ್ಸ್ ಸರ್, ಗೊತ್ತಿರಲಿಲ್ಲ. ಇನ್ನೊಂದು ಅನುಮಾನ. ಆಗಿನ ಪ್ರಕಾಶಕರು ಲೇಖಕರಿಗೆ ಒಂದಿಷ್ಟು ದುಡ್ಡು ಕೊಟ್ಟು 'ಸರ್ವಹಕ್ಕು' ಬರೆಸಿಕೊಳ್ಳುತ್ತಿದ್ದರು ಅಂತ ಕೇಳಿದ್ದೇನೆ. ಹಾಗಾಗಿದ್ದರೆ? ಅವಧಿ ಬರೆಯದೆ ಇದ್ದರೆ ಐದು ವರ್ಷಕ್ಕೆ ಹಕ್ಕು ವಾಪಸ್ ಬರುತ್ತದೆ ಅಂತಲೂ ಎಲ್ಲೋ ಓದಿದ ನೆನಪು.

ಕರಿಕೋಟು:

ಐದು ವರ್ಷದ ನಿಯಮ ಇದೆ, 19ನೇ ಕಲಮಿನಲ್ಲಿ. ವರ್ಗಾವಣೆ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಅಂತ ಅರ್ಥ. ಹಕ್ಕು ತಗೊಂಡವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಥರ ಇಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ಆದರೆ ಇವೆಲ್ಲ 1994ರ ತಿದ್ದುಪಡಿಯಲ್ಲಿ ಬಂದದ್ದು. ಅದೇ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ಹಿಂದಿನ ಒಪ್ಪಂದಗಳಿಗೆ ಇದು ಅನ್ವಯಿಸುವುದಿಲ್ಲ ಅಂತ. 1961ರ ಕರಾರಿಗೆ ಈ ಐದು ವರ್ಷದ ಲೆಕ್ಕ ಹಾಕಬೇಡಿ.

ಆದರೆ ಒಂದು ಸಮಾಧಾನದ ವಿಷಯ ಇದೆ. ಆಗಲೂ ಹಕ್ಕು ವರ್ಗಾಯಿಸಲು ಬರವಣಿಗೆ ಬೇಕಿತ್ತು, ಸಹಿ ಬೇಕಿತ್ತು. ಬಾಯಿಮಾತಿಗೆ ಬೆಲೆ ಇಲ್ಲ. 'ಹಕ್ಕು ಪ್ರಕಾಶಕರದು' ಅಂತ ಯಾರಾದರೂ ಹೇಳಿದರೆ ಪತ್ರ ತೋರಿಸಿ ಅನ್ನಬಹುದು.

ಮೊಳೆಅಚ್ಚು:

ನಾನು ಸಣ್ಣ ಪ್ರಕಾಶಕ. ಹಳೇ ಪುಸ್ತಕಗಳ ಮರುಮುದ್ರಣ ಒಂದಿಷ್ಟು ಮಾಡಿದ್ದೇನೆ. ಕಾನೂನು ಸರ್ ಹೇಳಿದ್ದಾರೆ, ನಾನು ಪುಸ್ತಕ ಓದುವ ಬಗೆ ಹೇಳುತ್ತೇನೆ.

ಒಳಪುಟದಲ್ಲಿ 'ಪ್ರಕಾಶಕರು' ಅಂತ ಇದೆಯಾ, 'ಪ್ರತಿಗಳು ದೊರೆಯುವ ಸ್ಥಳ' ಅಂತ ಇದೆಯಾ ನೋಡಿ. ಎರಡೂ ಒಂದೇ ಅಲ್ಲ. ಆ ಕಾಲದಲ್ಲಿ ಮಾಸ್ತರುಗಳು ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿ, ಮಾರುವುದಕ್ಕೆ ಮಾತ್ರ ಅಂಗಡಿಗೆ ಕೊಡುತ್ತಿದ್ದದ್ದು ಬಹಳ. ಹಾಗಿದ್ದರೆ ಅಂಗಡಿಗೆ ಯಾವ ಹಕ್ಕೂ ಇಲ್ಲ. ಮುದ್ರಣಾಲಯಕ್ಕೆ ಅಂತೂ ಇರುವುದೇ ಇಲ್ಲ, ಅವರು ಕೂಲಿಗೆ ಅಚ್ಚು ಹಾಕಿದವರು.

ಆಮೇಲೆ 'ಅರಿಕೆ' ಅಥವಾ 'ನನ್ನ ಮಾತು' ಪೂರ್ತಿ ಓದಿ. ಯಾರು ದುಡ್ಡು ಕೊಟ್ಟರು, ಯಾರು ಕರಡು ತಿದ್ದಿದರು, ಎಲ್ಲ ಅಲ್ಲೇ ಇರುತ್ತದೆ. ಅರಿಕೆಯ ಕೆಳಗೆ ಊರು, ದಿನ ಹಾಕಿರುತ್ತಾರೆ. ಅದು ಲೇಖಕರು ಆಗ ಇದ್ದ ಊರು. ಅಲ್ಲಿಂದ ಹುಡುಕಾಟ ಶುರು ಮಾಡಿ. ಮುನ್ನುಡಿ ಬರೆದವರು ಯಾರು? ಅವರು ಹೆಸರಾದವರಾಗಿದ್ದರೆ ಅವರ ಮನೆಯವರನ್ನೋ ಶಿಷ್ಯರನ್ನೋ ಹುಡುಕುವುದು ಸುಲಭ, ಅವರಿಗೆ ಮಾಸ್ತರ ವಿಷಯ ಗೊತ್ತಿರಬಹುದು. ಹಾಂ, ಮುನ್ನುಡಿಯ ಹಕ್ಕು ಮುನ್ನುಡಿಕಾರರದು. ಅದಕ್ಕೆ ಬೇರೆ ಅನುಮತಿ ಬೇಕು. ಮುಖಪುಟದ ಚಿತ್ರಕ್ಕೂ ಹಾಗೇ.

ಬೀಸುಕಲ್ಲು:

ಮೊಳೆಅಚ್ಚು ಸರ್, ನೀವು ಹೇಳಿದ ಮೇಲೆ ಮತ್ತೆ ತೆಗೆದು ನೋಡಿದೆ. ಅಂಗಡಿ ಹೆಸರು ಇರುವುದು 'ಪ್ರತಿಗಳು ದೊರೆಯುವ ಸ್ಥಳ' ಅಂತಲೇ! ಪ್ರಕಾಶಕರು ಅಂತ ಎಲ್ಲೂ ಇಲ್ಲ. ಅರಿಕೆಯಲ್ಲಿ ಹೀಗಿದೆ: ಕಾಗದವನ್ನು ಒಬ್ಬ ವ್ಯಾಪಾರಿ ಉದ್ರಿ ಕೊಟ್ಟರು, ಪುಸ್ತಕ ಮಾರಾಟವಾದಂತೆ ತೀರಿಸುವೆ ಅಂತ. ಕೊನೆಗೆ ಊರಿನ ಹೆಸರು, 'ಧಾರವಾಡ ಜಿಲ್ಲೆ', ಕೆಳಗೆ 'ಕಾರ ಹುಣ್ಣಿಮೆ'. ಮುನ್ನುಡಿ ಧಾರವಾಡದ ಒಬ್ಬ ಪ್ರಾಧ್ಯಾಪಕರದು.

ಆದರೆ ಧಾರವಾಡ ಜಿಲ್ಲೆಯ ಊರುಗಳ ಪಟ್ಟಿಯಲ್ಲಿ ಆ ಊರೇ ಸಿಗುತ್ತಿಲ್ಲ.

ಕಪಾಟು:

ಈಗಿನ ಜಿಲ್ಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ ಮೇಡಂ. ಗದಗ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಹಾವೇರಿಯೂ ಆಗಲೇ. ಅದಕ್ಕೆ ಮೊದಲು ಎಲ್ಲ ಧಾರವಾಡ ಜಿಲ್ಲೆ. ಹಳೇ ಪುಸ್ತಕಗಳ ವಿಳಾಸ ನೋಡುವಾಗ ಇದು ನೆನಪಿಟ್ಟುಕೊಳ್ಳಬೇಕು. ಗದಗ ಜಿಲ್ಲೆಯ ತಾಲೂಕುಗಳಲ್ಲಿ ನೋಡಿ.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ನಮ್ಮ ಕಡೆಯ ದಾರಿ ಹೇಳುತ್ತೇನೆ. 1954ರ ಕಾಯ್ದೆ ಪ್ರಕಾರ ದೇಶದಲ್ಲಿ ಅಚ್ಚಾದ ಪುಸ್ತಕದ ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಬೇಕು. ಚೆನ್ನೈಯ ಕನ್ನೆಮಾರಾ ಗ್ರಂಥಾಲಯಕ್ಕೆ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೂ ಹೋಗಬೇಕು. ಎಲ್ಲರೂ ಕಳಿಸುತ್ತಿರಲಿಲ್ಲ, ಆದರೂ ಹುಡುಕುವುದು ಒಳ್ಳೇದು. ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ, ಕರ್ನಾಟಕ ವಿದ್ಯಾವರ್ಧಕ ಸಂಘ. ಗ್ರಂಥಾಲಯದ ಕಾರ್ಡಿನಲ್ಲಿ ಲೇಖಕರ ಹುಟ್ಟಿದ ವರ್ಷ, ತೀರಿದ ವರ್ಷ ಹಾಕುವ ರೂಢಿ ಇದೆ. ಅದು ಸಿಕ್ಕರೆ ನಿಮ್ಮ ಅರ್ಧ ಕೆಲಸ ಆದಂತೆ. ಮಾಸ್ತರು ಬೇರೆ ಪುಸ್ತಕ ಬರೆದಿದ್ದಾರಾ ಅಂತಲೂ ಗೊತ್ತಾಗುತ್ತದೆ. ಆಮೇಲಿನ ಪುಸ್ತಕದಲ್ಲಿ ಆಮೇಲಿನ ವಿಳಾಸ ಇರುತ್ತದೆ.

ಆದರೆ ನಿಜ ಹೇಳಬೇಕೆಂದರೆ ಇಂಥ ಲೇಖಕರು ಗ್ರಂಥಾಲಯಕ್ಕಿಂತ ಊರಿನಲ್ಲಿ ಬೇಗ ಸಿಗುತ್ತಾರೆ. ಆ ಊರಿನ ಶಾಲೆಗೆ ನೂರು ವರ್ಷ ಆಗಿದ್ದರೆ ಶತಮಾನೋತ್ಸವದ ಸ್ಮರಣ ಸಂಚಿಕೆ ಬಂದಿರುತ್ತದೆ. ಅದರಲ್ಲಿ ಸೇವೆ ಮಾಡಿದ ಶಿಕ್ಷಕರ ಪಟ್ಟಿ, ಫೋಟೊ ಎಲ್ಲ ಇರುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ತಾಲೂಕು ಘಟಕದವರನ್ನು ಕೇಳಿ. ತಾಲೂಕು ಸಮ್ಮೇಳನದ ಸಂಚಿಕೆಗಳಲ್ಲಿ 'ನಮ್ಮ ತಾಲೂಕಿನ ಸಾಹಿತಿಗಳು' ಅಂತ ಒಂದು ಲೇಖನ ಇದ್ದೇ ಇರುತ್ತದೆ. ಹೊರಗಿನವರು ಅದನ್ನು ತೆರೆದೂ ನೋಡುವುದಿಲ್ಲ. ಆದರೆ ಇಂಥ ಮಾಹಿತಿ ಬೇರೆ ಎಲ್ಲೂ ಸಿಗುವುದಿಲ್ಲ.

ಒಂದು ವಿನಂತಿ. ಹುಡುಕಾಟ ನಡೆದಿರಲಿ, ಮೊದಲು ಆ ಪ್ರತಿಯನ್ನು ಉಳಿಸಿ. ಬೆನ್ನಿಗೆ ಸೆಲೋಟೇಪ್ ಹಚ್ಚಬೇಡಿ, ಅಂಟು ಕಾಗದವನ್ನು ತಿನ್ನುತ್ತದೆ. ಪುಸ್ತಕ ಪೂರ್ತಿ ಅಗಲಿಸದೆ ಮೇಲಿಂದ ಫೋಟೊ ತೆಗೆಯಿರಿ.

ಅಟ್ಲಾಂಟಿಕ್‌ತೀರ:

ನಾನು ಅಮೆರಿಕದಲ್ಲಿರುವ ಕನ್ನಡಿಗ. ಇಲ್ಲಿಂದ ಒಂದು ಸಹಾಯ ಆಗಬಹುದು. ಪಿಎಲ್-480 ಅಂತ ಒಂದು ವ್ಯವಸ್ಥೆ ಇತ್ತು. ಭಾರತ ಗೋಧಿ ಕೊಂಡು ರೂಪಾಯಿಯಲ್ಲಿ ಕೊಟ್ಟ ಹಣದಲ್ಲಿ ಒಂದು ಭಾಗದಿಂದ ಅಮೆರಿಕದವರು 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಳ್ಳುತ್ತಿದ್ದರು. ದೆಹಲಿಯಲ್ಲಿ ಕಚೇರಿ ಇತ್ತು. ಕನ್ನಡ ಪುಸ್ತಕಗಳು ರಾಶಿ ರಾಶಿ ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಬಂದವು. ಊರಲ್ಲಿ ಸಿಗದ ಪುಸ್ತಕ ಶಿಕಾಗೋದಲ್ಲಿ ಸಿಕ್ಕದ್ದನ್ನು ನಾನೇ ನೋಡಿದ್ದೇನೆ. ವರ್ಲ್ಡ್‌ಕ್ಯಾಟ್‌ನಲ್ಲಿ (ಜಗತ್ತಿನ ಗ್ರಂಥಾಲಯಗಳ ಒಟ್ಟು ಆನ್‌ಲೈನ್ ಸೂಚಿ), ಲೈಬ್ರರಿ ಆಫ್ ಕಾಂಗ್ರೆಸ್ ಸೂಚಿಯಲ್ಲಿ ಹುಡುಕಿ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೀತಿ ಬೇರೆ ಬೇರೆ ಇರುತ್ತದೆ, ಒಂದೊಂದೇ ಬಗೆಯಲ್ಲಿ ಪ್ರಯತ್ನಿಸಬೇಕು.

ಇನ್ನೊಂದು ಮಾತು. ಭಾರತದಲ್ಲಿ ಮುಕ್ತವಾದ ಪುಸ್ತಕ ಇಲ್ಲಿ ಮುಕ್ತ ಅಂತ ಅಲ್ಲ. 1996ರ ಜನವರಿ 1ಕ್ಕೆ ಭಾರತದಲ್ಲಿ ಹಕ್ಕು ಇನ್ನೂ ಉಳಿದಿದ್ದ 1961ರ ಪುಸ್ತಕಕ್ಕೆ ಅಮೆರಿಕದಲ್ಲಿ 95 ವರ್ಷ, ಅಂದರೆ 2056ರ ಕೊನೆವರೆಗೆ ರಕ್ಷಣೆ. ಅದಕ್ಕೇ ಇಲ್ಲಿನ ಡಿಜಿಟಲ್ ಸಂಗ್ರಹಗಳಲ್ಲಿ ಎಷ್ಟೋ ಕನ್ನಡ ಪುಸ್ತಕಗಳ ಹೆಸರು ಕಾಣುತ್ತದೆ, ಒಳಗೆ ಓದಲು ಬಿಡುವುದಿಲ್ಲ. ಇ-ಪುಸ್ತಕ ಮಾಡುವ ಯೋಚನೆ ಇದ್ದರೆ ಅನುಮತಿ ಪತ್ರದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಮೊಳೆಅಚ್ಚು:

ನಮ್ಮ ಕಸುಬಿನಲ್ಲಿ ಇನ್ನೊಂದು ರೂಢಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಎಷ್ಟು ಹುಡುಕಿದರೂ ವಾರಸುದಾರರು ಸಿಗದಿದ್ದಾಗ 'ಹಕ್ಕುದಾರರನ್ನು ಸಂಪರ್ಕಿಸಲು ಪ್ರಯತ್ನಿಸಿದೆವು, ತಿಳಿದವರು ದಯವಿಟ್ಟು ತಿಳಿಸಿ' ಅಂತ ಒಳಪುಟದಲ್ಲಿ ಹಾಕಿ ಮುದ್ರಿಸುತ್ತಾರೆ. ಗೌರವಧನ ಬೇರೆ ತೆಗೆದಿಡುತ್ತಾರೆ. ಒಳ್ಳೇ ಮನಸ್ಸಿನಿಂದ ಮಾಡುವವರೂ ಇದ್ದಾರೆ. ಇಲ್ಲದಿದ್ದರೆ ಎಷ್ಟೋ ಪುಸ್ತಕ ಗೆದ್ದಲು ತಿಂದು ಹೋಗುತ್ತಿದ್ದವು.

ಕರಿಕೋಟು:

ಮನಸ್ಸು ಒಳ್ಳೇದಿರಬಹುದು ಸರ್, ಆದರೆ ಆ ಸಾಲು ಕಾನೂನಿನಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ನಾಳೆ ವಾರಸುದಾರರು ಬಂದು ದೂರು ಕೊಟ್ಟರೆ 63ನೇ ಕಲಂ ಇದೆ. ಗೊತ್ತಿದ್ದೂ ಉಲ್ಲಂಘನೆ ಮಾಡಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. 'ಹುಡುಕಿದೆವು' ಅಂತ ನೀವೇ ಅಚ್ಚು ಹಾಕಿದ್ದೀರಿ ಅಂದರೆ ಹಕ್ಕು ಇನ್ನೂ ಇದೆ ಅಂತ ನಿಮಗೆ ಗೊತ್ತಿತ್ತು ಅಂತಲೇ ಆಗುತ್ತದೆ.

ನಿಜವಾಗಲೂ ಯಾರೂ ಸಿಗದಿದ್ದರೆ ಕಾಯ್ದೆಯಲ್ಲೇ ದಾರಿ ಇದೆ, 31ಎ ಕಲಂ. ಲೇಖಕರು ತೀರಿಕೊಂಡಿದ್ದು ಅಥವಾ ಪತ್ತೆಯಿಲ್ಲದೆ, ಹಕ್ಕುದಾರರು ಸಿಗದೆ, ಕೃತಿ ಜನರಿಗೆ ಸಿಗದಂತಾಗಿದ್ದರೆ ಲೈಸೆನ್ಸಿಗೆ ಅರ್ಜಿ ಹಾಕಬಹುದು. ದೇಶದ ಹೆಚ್ಚಿನ ಭಾಗಕ್ಕೆ ಹೋಗುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಮೊದಲು ಪ್ರಕಟಣೆ ಕೊಡಬೇಕು. ನಿಗದಿ ಮಾಡಿದ ರಾಯಲ್ಟಿಯನ್ನು ಸರಕಾರದ ಖಾತೆಗೆ ಕಟ್ಟಬೇಕು. ಮುಂದೆ ವಾರಸುದಾರರು ಬಂದರೆ ಆ ದುಡ್ಡು ಅವರಿಗೆ. ಹಿಂದೆ ಇದನ್ನೆಲ್ಲ ನೋಡುವುದಕ್ಕೆ ಕಾಪಿರೈಟ್ ಬೋರ್ಡ್ ಇತ್ತು, ಈಗ ಕೋರ್ಟಿಗೇ ಹೋಗಬೇಕು.

ಹೊಳೆದಂಡೆ:

ಒಂದೂವರೆ ರೂಪಾಯಿಯ ಪುಸ್ತಕಕ್ಕೆ ಇಂಗ್ಲಿಷ್ ಪೇಪರಿನಲ್ಲಿ ಜಾಹೀರಾತು, ಮೇಲೆ ಕೋರ್ಟು! ಐನೂರು ಪ್ರತಿ ಮಾರಿದರೂ ಜಾಹೀರಾತಿನ ಖರ್ಚು ಹುಟ್ಟುವುದಿಲ್ಲ. ಹಳ್ಳಿ ಮಾಸ್ತರ ಮನೆಯವರು ಇಂಗ್ಲಿಷ್ ಪೇಪರ್ ನೋಡಿ ಬರುತ್ತಾರಾ? ಈ ಕಲಂ ಬರೆದವರು ನಮ್ಮಂಥ ಪುಸ್ತಕಗಳನ್ನು ನೆನೆದಿಲ್ಲ ಅಂತ ಬೇಜಾರಾಗುತ್ತದೆ.

ಕರಿಕೋಟು:

ಬೇಜಾರು ನನಗೂ ಇದೆ. ಸಣ್ಣ ಭಾಷೆಯ, ಸಣ್ಣ ಪ್ರತಿಗಳ ಪುಸ್ತಕಕ್ಕೆ ಸರಳ ದಾರಿ ಬೇಕು. ಅದು ಬರುವ ತನಕ ಹುಡುಕಾಟವೇ ಗಟ್ಟಿ. ಹುಡುಕಿದ್ದಕ್ಕೆಲ್ಲ ದಾಖಲೆ ಇಟ್ಟುಕೊಳ್ಳಿ: ಬರೆದ ಪತ್ರದ ಪ್ರತಿ, ಸ್ಪೀಡ್ ಪೋಸ್ಟಿನ ರಸೀದಿ, ವಾಪಸ್ ಬಂದ ಲಕೋಟೆ. ವಾಪಸ್ ಬಂದ ಲಕೋಟೆಯನ್ನು ಒಡೆಯಬೇಡಿ, ಹಾಗೇ ಇಡಿ.

ಅಜ್ಜನಕನ್ನಡಕ:

ಇದನ್ನೆಲ್ಲ ಓದುತ್ತಾ ಇದ್ದೆ, ಬರೆಯದೆ ಇರಲಾಗಲಿಲ್ಲ. ನಾನು ಆಚೆ ಕಡೆಯವಳು. ನಮ್ಮಜ್ಜ ಲೇಖಕರು, ಅಷ್ಟೇನೂ ಹೆಸರಾದವರಲ್ಲ. ಅವರು ಹೋದ ಮೇಲೆ ಅವರ ಒಂದು ಪುಸ್ತಕವನ್ನು ಯಾರೋ ಮರುಮುದ್ರಣ ಮಾಡಿದರು. ನಮಗೆ ತಿಳಿದದ್ದು ಪುಸ್ತಕದಂಗಡಿಯಲ್ಲಿ ಕಂಡಾಗ. ದುಡ್ಡಿನ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಆದರೆ ಅಜ್ಜನ ಇನಿಷಿಯಲ್ ತಪ್ಪಾಗಿತ್ತು. ಅಜ್ಜಿಗೆ ಬರೆದ ಅರ್ಪಣೆಯ ಪುಟವನ್ನೇ ತೆಗೆದುಹಾಕಿದ್ದರು. ಅಮ್ಮ ಆ ಪುಸ್ತಕವನ್ನು ಕೊಳ್ಳಲೇ ಇಲ್ಲ. ಒಂದು ಪತ್ರ ಬಂದಿದ್ದರೆ ನಮ್ಮ ಮನೆಯವರು ಖುಷಿಯಿಂದ ಒಪ್ಪುತ್ತಿದ್ದರು. ಅಜ್ಜನೇ ತಿದ್ದಿಟ್ಟ ಪ್ರತಿ ನಮ್ಮ ಕಪಾಟಿನಲ್ಲಿತ್ತು, ಅದನ್ನೂ ಕೊಡುತ್ತಿದ್ದೆವು.

ಬೀಸುಕಲ್ಲು ಅವರೇ, ನೀವು ಪತ್ರ ಬರೆಯುವಾಗ ಕಾನೂನಿನ ಮಾತು ಮೊದಲ ಸಾಲಿಗೆ ಬೇಡ. ಯಾವ ಹಾಡು ನಿಮಗೆ ಹಿಡಿಸಿತು, ಯಾಕೆ ಈ ಪುಸ್ತಕ ಬೇಕು ಅಂತ ಇಲ್ಲಿ ಬರೆದಿರಲ್ಲ, ಅದನ್ನೇ ಬರೆಯಿರಿ. ಒಳಪುಟದ ಫೋಟೊ ಜೊತೆಗಿಡಿ. ಎಷ್ಟೋ ಮನೆಗಳಲ್ಲಿ ಆ ಪುಸ್ತಕದ ಒಂದು ಪ್ರತಿಯೂ ಉಳಿದಿರುವುದಿಲ್ಲ. ಲೇಖಕರ ಮಕ್ಕಳೂ ಅದನ್ನು ನೋಡಿ ವರ್ಷಗಳಾಗಿರುತ್ತವೆ.

ಬೀಸುಕಲ್ಲು:

ಅಜ್ಜನಕನ್ನಡಕ ಅವರೇ, ನಿಮ್ಮ ಮಾತು ಬಹಳ ಉಪಯೋಗವಾಯಿತು. ಈಗ ಒಂದು ಒಳ್ಳೇ ಸುದ್ದಿ.

ಕಪಾಟು ಮೇಡಂ ಹೇಳಿದ ಹಾಗೆ ಗದಗ ಜಿಲ್ಲೆಯಲ್ಲಿ ಊರು ಸಿಕ್ಕಿತು. ಶಾಲೆಯ ಶತಮಾನೋತ್ಸವದ ಸಂಚಿಕೆ ಮುಖ್ಯ ಶಿಕ್ಷಕರ ಬೀರುವಿನಲ್ಲೇ ಇತ್ತು. ಶಿಕ್ಷಕರ ಪಟ್ಟಿಯಲ್ಲಿ ನಮ್ಮ ಮಾಸ್ತರ ಹೆಸರಿದೆ, ಎದುರಿಗೆ ಅವರ ಸ್ವಂತ ಊರು. ಆ ಊರಿನ ಪೋಸ್ಟ್‌ಮ್ಯಾನ್ ಅಣ್ಣ ಮನೆತನ ಗುರುತಿಸಿ, ಮಗಳು ಹುಬ್ಬಳ್ಳಿಯಲ್ಲಿದ್ದಾರೆ ಅಂದರು. ಆ ಮಗಳಿಗೆ ಅವರ ದೊಡ್ಡಪ್ಪನ ಮಗನ ಮೂಲಕ ಪತ್ರ ಕಳಿಸಿದೆ. ಅವರೇ ಫೋನ್ ಮಾಡಿದರು! ಮಾಸ್ತರು ತೀರಿಕೊಂಡದ್ದು 1984ರಲ್ಲಿ. ಅಂದರೆ 2044ರ ಕೊನೆವರೆಗೆ ಹಕ್ಕು ಅವರ ಮನೆಯವರದು, ಸರಿ ಅಲ್ವಾ ಕರಿಕೋಟು ಸರ್?

ಅವ್ವಾರಿಗೆ (ಮಾಸ್ತರ ಮಗಳಿಗೆ) ತುಂಬ ವಯಸ್ಸಾಗಿದೆ, ಆದರೆ ನೆನಪು ಚೆನ್ನಾಗಿದೆ. ಅಪ್ಪ ರವಿವಾರ ಸೈಕಲ್ ಮೇಲೆ ಹೋಗುತ್ತಿದ್ದರಂತೆ. ಗಂಡಸರ ಮುಂದೆ ಹೆಂಗಸರು ಹಾಡುವುದಿಲ್ಲ ಅಂತ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತಿದ್ದರಂತೆ. ತಾಯಿ ಒಳಗೆ ಕೂತು ಕೇಳಿ, ಹೊರಗೆ ಬಂದು ಹೇಳುವುದು, ಅಪ್ಪ ಬರೆದುಕೊಳ್ಳುವುದು. ತಾಯಿಯ ಹೆಸರು ಪುಸ್ತಕದಲ್ಲಿ ಎಲ್ಲೂ ಇಲ್ಲ.

ಅವರದು ಮೂರು ಮಕ್ಕಳ ಮನೆ. ಇವರು, ಪುಣೆಯಲ್ಲಿ ಒಬ್ಬ ತಮ್ಮ, ಇನ್ನೊಬ್ಬ ತಮ್ಮ ತೀರಿಕೊಂಡಿದ್ದಾರೆ. 'ನಾನು ಹ್ಞೂಂ ಅಂದ್ರ ಆತಲ್ಲ' ಅಂದರು. ಆಗುತ್ತದಾ?

ಕರಿಕೋಟು:

2044 ಸರಿ. ಆದರೆ ಅವರೊಬ್ಬರು ಒಪ್ಪಿದರೆ ಸಾಲದು. ಉಯಿಲು ಬರೆದಿಟ್ಟಿದ್ದಾರಾ ಅಂತ ಮೊದಲು ಕೇಳಿ. ಇಲ್ಲದಿದ್ದರೆ, ಅವರು ಹಿಂದೂಗಳಾದರೆ, 1956ರ ಉತ್ತರಾಧಿಕಾರ ಕಾಯ್ದೆ. ಗಂಡ ತೀರಿಕೊಂಡಾಗ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಮಗಳಿಗೆ ಮದುವೆ ಆಗಿದೆ ಅಂತ ಪಾಲು ಹೋಗುವುದಿಲ್ಲ. ತೀರಿಕೊಂಡ ತಮ್ಮನ ಪಾಲು ಅವರ ಹೆಂಡತಿ ಮಕ್ಕಳಿಗೆ. ಆದ್ದರಿಂದ ಅವ್ವಾರು, ಪುಣೆಯ ತಮ್ಮ, ಆ ಇನ್ನೊಂದು ಮನೆಯವರು, ಎಲ್ಲರ ಸಹಿ ಬೇಕು. ನಾಡಕಚೇರಿಯಲ್ಲಿ ವಂಶವೃಕ್ಷದ ಪತ್ರ ಸಿಗುತ್ತದೆ. ಮನೆಯವರು ಬೇರೆ ಕೆಲಸಕ್ಕೆ ಈಗಾಗಲೇ ತೆಗೆಸಿರಬಹುದು, ಅದರ ಜೆರಾಕ್ಸ್ ಕೇಳಿ ಇಟ್ಟುಕೊಳ್ಳಿ.

ಪತ್ರದಲ್ಲಿ ಹಕ್ಕು ವರ್ಗಾವಣೆ ಅಂತ ಬರೆಸಿಕೊಳ್ಳಬೇಡಿ, ನಿಮಗೆ ಅದು ಬೇಕಾಗಿಲ್ಲ. ಒಂದು ಆವೃತ್ತಿ, ಇಷ್ಟು ಪ್ರತಿ, ಕನ್ನಡದಲ್ಲಿ, ಮುದ್ರಿತ ಪುಸ್ತಕ ಅಂತ ಅನುಮತಿ ಸಾಕು. ಇ-ಪುಸ್ತಕ ಬೇಕಾದರೆ ಅದನ್ನು ಬೇರೆ ಸಾಲಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಹಕ್ಕು ಅವರ ಹತ್ತಿರವೇ ಉಳಿಯುತ್ತದೆ ಅಂತಲೂ ಬರೆಯಿರಿ. ವಯಸ್ಸಾದವರಿಗೆ ಅದು ಧೈರ್ಯ ಕೊಡುತ್ತದೆ.

ಕಪಾಟು:

ಮನೆಯವರು ದೊಡ್ಡ ಮನಸ್ಸು ಮಾಡಿದರೆ ಇನ್ನೊಂದು ದಾರಿಯೂ ಇದೆ. ನಿರಂಜನ ಅವರ ಮನೆಯವರು 2014ರಲ್ಲಿ ಅವರ 55 ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟರು. ಲೇಖಕರ ಹೆಸರು ಹಾಕಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದು, ಅಚ್ಚು ಹಾಕಬಹುದು. ಆಮೇಲೆ ಯಾರೂ ಹೀಗೆ ಮನೆ ಹುಡುಕಿಕೊಂಡು ಅಲೆಯಬೇಕಿಲ್ಲ. ಆದರೆ ಒತ್ತಾಯ ಬೇಡ. ಒಮ್ಮೆ ಕೊಟ್ಟ ಲೈಸೆನ್ಸನ್ನು ಹಿಂದಕ್ಕೆ ತಗೊಳ್ಳಲಾಗುವುದಿಲ್ಲ ಅಂತ ಅವರಿಗೆ ಸರಿಯಾಗಿ ತಿಳಿಸಿಯೇ ಕೇಳಬೇಕು.

ಹೊಳೆದಂಡೆ:

ನನಗೆ ಆ ಹಾಡಿದ ಹೆಂಗಸರ ಯೋಚನೆ. ಮಾಸ್ತರ ಮನೆಯವರಿಗೆ ಹಕ್ಕು ಇದೆ, ಮುನ್ನುಡಿಕಾರರಿಗೆ ಇದೆ, ಮುಖಪುಟದ ಚಿತ್ರಕಾರರಿಗೂ ಇದೆ. ಹಾಡಿದವರಿಗೆ ಏನೂ ಇಲ್ವಾ?

ಕರಿಕೋಟು:

ಕಾಪಿರೈಟ್ ಕಾಯ್ದೆಯಲ್ಲಿ ಅವರಿಗೆ ಏನೂ ಇಲ್ಲ. ತಲೆಮಾರಿನಿಂದ ಬಂದ ಹಾಡಿಗೆ ಕರ್ತೃ ಇಲ್ಲ ಅಂತ ಕಾಯ್ದೆಯ ಲೆಕ್ಕ. ನ್ಯಾಯ ಬೇರೆ, ಕಲಂ ಬೇರೆ.

ಮೊಳೆಅಚ್ಚು:

ಕಾಯ್ದೆಯಲ್ಲಿ ಇಲ್ಲದಿದ್ದರೂ ಪುಸ್ತಕದಲ್ಲಿ ಮಾಡಬಹುದಲ್ಲ. ಹಾಡಿದವರ ಪಟ್ಟಿಯನ್ನು ಕೊನೆಯಿಂದ ತೆಗೆದು ಮೊದಲಿಗೆ ಹಾಕಿ. ಮನೆಯವರು ಒಪ್ಪಿದರೆ ಮಾಸ್ತರ ಹೆಂಡತಿಯ ಹೆಸರನ್ನೂ ಮುಖಪುಟಕ್ಕೆ ತನ್ನಿ. ಆ ಊರುಗಳ ಶಾಲೆ, ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ತಲುಪಿಸಿ. ಐನೂರರಲ್ಲಿ ಐವತ್ತು ಪ್ರತಿ ಅದಕ್ಕೇ ಅಂತ ಮೊದಲೇ ತೆಗೆದಿಟ್ಟುಬಿಡಿ. ಅಚ್ಚಿನ ಖರ್ಚಿನ ಅಂದಾಜು ನಾನು ಮಾಡಿಕೊಡುತ್ತೇನೆ.

ಬೀಸುಕಲ್ಲು:

ಹೆಸರಿನ ವಿಷಯ ಅವ್ವಾರ ಹತ್ತಿರ ಮಾತಾಡಿದೆ. ತಾಯಿಯ ಹೆಸರು ಹಾಕುತ್ತೇವೆ ಅಂದಾಗ ಬಹಳ ಹೊತ್ತು ಮಾತಾಡಿದರು, ತಾಯಿ ಹಾಡುತ್ತಿದ್ದ ಒಂದು ಪದವನ್ನೂ ಹೇಳಿದರು. ಅದು ಪುಸ್ತಕದಲ್ಲಿ ಇಲ್ಲ! ಪುಣೆಯ ತಮ್ಮನವರು ಒಪ್ಪಿದ್ದಾರೆ. ತೀರಿಕೊಂಡ ತಮ್ಮನವರ ಮಗ ಓದಿ ನೋಡಿ ಹೇಳುತ್ತೇನೆ ಅಂದಿದ್ದಾರೆ, ಅವರಿಗೆ ಫೋಟೊ ಕಳಿಸಿದ್ದೇನೆ. ಮುನ್ನುಡಿಕಾರರ ಮನೆಯವರದು ಧಾರವಾಡದಿಂದ ಪತ್ರ ಬಂದಿದೆ. ಮುಖಪುಟದ ಚಿತ್ರ ಬರೆದವರ ಹೆಸರು ಎಲ್ಲೂ ಇಲ್ಲ, ಅದಕ್ಕೆ ಹೊಸ ಮುಖಪುಟ ಮಾಡಿಸುತ್ತೇವೆ.

ಈಗ ಹೊಸ ಪ್ರಶ್ನೆ. ಮಾಸ್ತರ ನೋಟ್‌ಬುಕ್ಕುಗಳು ಅವರ ಮನೆಯಲ್ಲಿ ಇವೆಯಂತೆ. ಅಚ್ಚಾಗದ ಹಾಡುಗಳು ಅದರಲ್ಲಿ ಬೇಕಾದಷ್ಟು. ಅವನ್ನೂ ಇದೇ ಪುಸ್ತಕಕ್ಕೆ ಸೇರಿಸಬಹುದಾ?

ಕರಿಕೋಟು:

ಸೇರಿಸಬೇಡಿ, ಅದು ಬೇರೆ ಲೆಕ್ಕ. ಲೇಖಕರು ಬದುಕಿದ್ದಾಗ ಪ್ರಕಟವಾಗದ ಬರಹಕ್ಕೆ 24ನೇ ಕಲಂ. ಅದರ 60 ವರ್ಷ ಶುರುವಾಗುವುದು ಪ್ರಕಟವಾದ ಮುಂದಿನ ವರ್ಷದಿಂದ, ಮಾಸ್ತರು ತೀರಿಕೊಂಡ ವರ್ಷದಿಂದ ಅಲ್ಲ. ಎರಡನ್ನೂ ಒಂದೇ ಪುಸ್ತಕದಲ್ಲಿ ಬೆರೆಸಿದರೆ 2045ರಿಂದ ಯಾವುದು ಮುಕ್ತ, ಯಾವುದು ಅಲ್ಲ ಅಂತ ಮುಂದಿನವರು ಒದ್ದಾಡಬೇಕಾಗುತ್ತದೆ. ಈಗಿನ ಅನುಮತಿ ಪತ್ರದಲ್ಲಿ 1961ರ ಪುಸ್ತಕ ಮಾತ್ರ ಅಂತ ಬರೆಯಿರಿ. ನೋಟ್‌ಬುಕ್ಕಿಗೆ ಬೇರೆ ಪತ್ರ, ಬೇರೆ ಪುಸ್ತಕ.

ಕಪಾಟು:

ಆ ನೋಟ್‌ಬುಕ್ಕುಗಳ ವಿಷಯದಲ್ಲಿ ತಡ ಮಾಡಬೇಡಿ ಮೇಡಂ. ಮನೆಯವರು ಒಪ್ಪಿದರೆ ನಾನು ರಜೆ ಹಾಕಿ ಹುಬ್ಬಳ್ಳಿಗೆ ಬಂದು ಫೋಟೊ ತೆಗೆದುಕೊಡುತ್ತೇನೆ, ಮೂಲ ಅವರ ಮನೆಯಲ್ಲೇ ಇರಲಿ. ಪೆನ್ಸಿಲಿನಲ್ಲಿ ಬರೆದದ್ದಾ, ಶಾಯಿಯಾ ಅಂತ ಕೇಳಿ ತಿಳಿಸಿ. ಅದಕ್ಕೆ ತಕ್ಕ ಹಾಗೆ ಲೈಟ್ ತರಬೇಕು.

ಬೀಸುಕಲ್ಲು:

ಶಾಯಿಯಂತೆ, ಕೆಲವು ಕಡೆ ಕಾಪಿಂಗ್ ಪೆನ್ಸಿಲ್. ಶನಿವಾರ ಬರಬಹುದು ಅಂದಿದ್ದಾರೆ. ಅನುಮತಿ ಪತ್ರದ ಕರಡು ಅಷ್ಟರೊಳಗೆ ಬರೆದು ಇಲ್ಲೇ ಹಾಕುತ್ತೇನೆ, ಕರಿಕೋಟು ಸರ್ ಒಮ್ಮೆ ಕಣ್ಣಾಡಿಸಬೇಕು.